ಫರ್ನೇಸ್ ತಾನೇ ನಿಲ್ಲುತ್ತದೆ, ತಾನೇ ಹೊತ್ತಿಕೊಳ್ಳುತ್ತದೆ. ಯಾಕೆ?

ಪ್ರಶ್ನೆ: ಮಿಶಿಗನ್‌ನ ಕ್ಯಾಂಟನ್‌ನಲ್ಲಿ ಎರಡು ವರ್ಷದ ಹಿಂದೆ ಮನೆ ತಗೊಂಡಿದ್ದೇವೆ. ಬೇಸ್‌ಮೆಂಟಿನಲ್ಲಿ ಮನೆ ಬೆಚ್ಚಗಿಡುವ ಹನ್ನೆರಡು ವರ್ಷ ಹಳೆಯ ಗ್ಯಾಸ್ ಫರ್ನೇಸ್ ಇದೆ. ಅದರಿಂದ ಎರಡು ಬಿಳಿ ಪಿವಿಸಿ ಪೈಪು ಗೋಡೆಯಾಚೆ ಹೋಗಿವೆ. ಜನವರಿ ಶುರುವಾದಾಗಿನಿಂದ ವಾರಕ್ಕೆ ಎರಡು ಮೂರು ರಾತ್ರಿ ಮನೆ ತಣ್ಣಗಾಗುತ್ತಿದೆ. ಎಷ್ಟು ಬಿಸಿ ಬೇಕೆಂದು ಹೇಳುವ ಥರ್ಮೋಸ್ಟಾಟ್ 70 ಡಿಗ್ರಿ ಫ್ಯಾರನ್‌ಹೀಟ್ ಕೇಳುತ್ತಿರುತ್ತದೆ, ಮನೆ 61ಕ್ಕೆ ಇಳಿದಿರುತ್ತದೆ. ಕೆಳಗೆ ಹೋಗಿ ಫರ್ನೇಸ್ ಪಕ್ಕದ ಸ್ವಿಚ್ ಆರಿಸಿ ಹಾಕಿದರೆ ಮತ್ತೆ ನಡೆಯುತ್ತದೆ. ಒಂದು ದಿನ ಏಳಲು ಬೇಜಾರಾಗಿ ಹಾಗೇ ಮಲಗಿದೆ. ಬೆಳಗ್ಗೆ ನೋಡಿದರೆ ತಾನೇ ಹೊತ್ತಿಕೊಂಡು ಮನೆ ಬೆಚ್ಚಗಾಗಿತ್ತು. ಟೆಕ್ನಿಷಿಯನ್ ಬಂದಾಗ ಏನೂ ಆಗದವರಂತೆ ಸರಿಯಾಗಿ ನಡೆಯಿತು. ಆತ ಯಾವುದೋ ಕಡ್ಡಿ ತೆಗೆದು ಉಜ್ಜಿ, ‘ಹಳೆಯದಾಗಿದೆ, ಹೊಸದು ಹಾಕಿಸಿ’ ಎಂದು ಹೇಳಿ ಹೋದ. ನಾಲ್ಕು ದಿನಕ್ಕೆ ಮತ್ತೆ ಅದೇ ಕತೆ. ನಿಲ್ಲುವ ಮೊದಲು ಒಳಗೆ ಗುಳುಗುಳು ಸದ್ದು ಬರುತ್ತದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ, ನನಗಂತೂ ಕೇಳಿಸಿಲ್ಲ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಮೊನ್ನೆ ರಾತ್ರಿ ಅಮ್ಮ ಅಡುಗೆಮನೆಯ ನಾಲ್ಕೂ ಒಲೆ ಹಚ್ಚಿಕೊಂಡು ಕೂತಿದ್ದರು. ಹೊಸ ಫರ್ನೇಸ್ ಹಾಕಿಸಲೇಬೇಕೇ?

ಉತ್ತರ: ಮೊದಲು ಅಮ್ಮನ ಒಲೆಯ ವಿಷಯ ಮುಗಿಸಿಬಿಡೋಣ. ಅಡುಗೆಯ ಗ್ಯಾಸ್ ಒಲೆಯಿಂದ ಮನೆ ಕಾಯಿಸುವುದು ಬೇಡವೇ ಬೇಡ. ಹಾಸನದ ಮನೆಯಲ್ಲಿ ಹೆಂಚಿನ ಸಂದು, ಕಿಟಕಿ ಸಂದು, ಬಾಗಿಲಡಿಯ ಸಂದು ಎಲ್ಲದರಿಂದಲೂ ಗಾಳಿ ಆಡುತ್ತದೆ. ಇಲ್ಲಿಯ ಮನೆ ಚಳಿಗಾಲದಲ್ಲಿ ಮುಚ್ಚಳ ಬಿಗಿದ ಡಬ್ಬಿ. ಫರ್ನೇಸ್ ತನ್ನ ಹೊಗೆಯನ್ನು ಪೈಪಿನಲ್ಲಿ ಆಚೆ ತಳ್ಳುತ್ತದೆ, ಒಲೆ ಮನೆಯೊಳಗೇ ಬಿಡುತ್ತದೆ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ ಜೀವ ಹೋದ ಸುದ್ದಿಯನ್ನು ಊರಿನ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಅಲ್ಲಿ ಕೊಲ್ಲುವ ಕಾರ್ಬನ್ ಮೊನಾಕ್ಸೈಡ್‌ಗೂ ಇಲ್ಲಿಯದಕ್ಕೂ ವ್ಯತ್ಯಾಸವಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲು ತಲೆನೋವು, ಆಮೇಲೆ ನಿದ್ದೆ. ಅಪ್ಪ ಅಮ್ಮ ಮಲಗುವ ಕೋಣೆಗೆ 1500 ವಾಟಿನ ಒಂದು ಎಲೆಕ್ಟ್ರಿಕ್ ಹೀಟರ್ ತಂದಿಡಿ. ಅದನ್ನು ನೇರ ಗೋಡೆಯ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಷನ್ ವೈರಿಗೆ ಬೇಡ. ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ ನೋಡಿ. ಇದ್ದರೆ ಕಳಚಿ ಬೆನ್ನು ತಿರುಗಿಸಿ, ಯಾವ ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ ಅಂತ ಅಚ್ಚಾಗಿರುತ್ತದೆ. ಮನೆ ಕೊಂಡವರು ಹಿಂದಿನವರು ಬಿಟ್ಟುಹೋದ ಅಲಾರಮನ್ನೇ ನಂಬಿ ಕೂತಿರುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ.

ಇನ್ನು ನಿಮ್ಮ ಹೆಂಡತಿಯ ಮಾತು. ಇಡೀ ಪತ್ರದಲ್ಲಿ ನನಗೆ ಬೇಕಾಗಿದ್ದ ಸಾಕ್ಷಿ ಅದೊಂದೇ, ನೀವು ಅದನ್ನು ಕೊನೆಯಲ್ಲಿ ಅನುಮಾನದಿಂದ ಸೇರಿಸಿದ್ದೀರಿ. ಗುಳುಗುಳು ಅಂದರೆ ಗಾಳಿ ಹೋಗಬೇಕಾದ ಜಾಗದಲ್ಲಿ ನೀರು ನಿಂತಿದೆ ಎಂದರ್ಥ. ಬೆಂಕಿಯ ಯಂತ್ರದಲ್ಲಿ ನೀರು ಎಲ್ಲಿಂದ ಬಂತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಸ್ವಿಚ್ಚಿನ ಚಟ ಬಿಡಿಸಬೇಕು.

ಫರ್ನೇಸ್ ಹೀಗೆ ನಿಲ್ಲುವುದಕ್ಕೆ ಲಾಕೌಟ್ ಅನ್ನುತ್ತಾರೆ. ಒಳಗಿರುವ ಕಂಟ್ರೋಲ್ ಬೋರ್ಡು ಬೆಂಕಿ ಹಚ್ಚಲು ಮೂರೋ ನಾಲ್ಕೋ ಸಲ ನೋಡುತ್ತದೆ. ಆಗದಿದ್ದರೆ ಗ್ಯಾಸ್ ಸುಮ್ಮನೆ ಒಳಗೆ ತುಂಬಬಾರದಲ್ಲ, ಅದಕ್ಕೆ ಅಂಗಡಿ ಬಾಗಿಲು ಹಾಕಿಬಿಡುತ್ತದೆ. ಕೆಲವು ಬೋರ್ಡು ಒಂದು ಗಂಟೆ, ಕೆಲವು ಮೂರು ಗಂಟೆ ಸುಮ್ಮನಿದ್ದು ಮತ್ತೆ ತಾನೇ ಮೊದಲಿನಿಂದ ಯತ್ನಿಸುತ್ತವೆ. ನೀವು ಬೇಜಾರಾಗಿ ಮಲಗಿದ ರಾತ್ರಿ ಆಗಿದ್ದು ಇದೇ. ನೀವು ಸ್ವಿಚ್ ಆರಿಸಿ ಹಾಕಿದಾಗ ಬೋರ್ಡು ಆ ಗಂಟೆಗಳ ಲೆಕ್ಕವನ್ನು ಮರೆತು ಆಗಲೇ ಯತ್ನಿಸುತ್ತದೆ, ಅಷ್ಟೇ. ಯಾವ ರಿಪೇರಿಯೂ ಆಗಿರುವುದಿಲ್ಲ. ನಷ್ಟ ಏನಂದರೆ, ಯಾಕೆ ನಿಂತೆ ಅಂತ ಅದು ದೀಪ ಮಿಟುಕಿಸಿ ಹೇಳುತ್ತಿದ್ದ ಮಾತನ್ನು ನೀವು ಅರ್ಧಕ್ಕೇ ತಡೆದಿರುತ್ತೀರಿ. ಹಳೆಯ ದೋಷವನ್ನು ನೆನಪಿಟ್ಟುಕೊಳ್ಳುವ ಬೋರ್ಡುಗಳಿವೆ, ಕರೆಂಟು ಹೋದ ಕೂಡಲೇ ಮರೆತುಬಿಡುವವೂ ಇವೆ. ನಿಮ್ಮದು ಯಾವ ಜಾತಿಯೋ ಗೊತ್ತಾಗುವವರೆಗೆ ಸ್ವಿಚ್ ಮುಟ್ಟಬೇಡಿ.

ದೀಪ ನೋಡುವುದರಲ್ಲೂ ಒಂದು ಗುಟ್ಟಿದೆ. ಫರ್ನೇಸಿನ ಮುಂದೆ ಸಾಮಾನ್ಯವಾಗಿ ಎರಡು ತಗಡಿನ ಬಾಗಿಲು. ಮೇಲಿನದರ ಹಿಂದೆ ಬರ್ನರ್, ಕೆಳಗಿನದರ ಹಿಂದೆ ಕೋಣೆಗಳಿಗೆ ಗಾಳಿ ತಳ್ಳುವ ಬ್ಲೋವರ್ ಮತ್ತು ಬೋರ್ಡು. ಕೆಳಗಿನ ಬಾಗಿಲಲ್ಲಿ ಬೆರಳುಗುರಿನಷ್ಟು ಅಗಲದ ಗಾಜಿನ ಕಿಂಡಿ ಇರುತ್ತದೆ. ಜನ ಅದನ್ನು ಗಮನಿಸದೆ ಬಾಗಿಲನ್ನೇ ಎಳೆದು ತೆಗೆಯುತ್ತಾರೆ. ಬಾಗಿಲ ಹಿಂದೆ ಒಂದು ಗುಂಡಿ ಸ್ವಿಚ್ ಇದೆ, ಬಾಗಿಲು ಕಳಚಿದ ಕ್ಷಣವೇ ಕರೆಂಟು ಕಟ್. ಸಾಕ್ಷಿ ಅಲ್ಲಿಗೆ ಮುಗಿಯಿತು. ಆದ್ದರಿಂದ ಮೊದಲು ಕಿಂಡಿಗೆ ಫೋನ್ ಹಿಡಿದು ಒಂದು ನಿಮಿಷ ವಿಡಿಯೋ ಮಾಡಿ. ಎಷ್ಟು ಸಲ ಮಿಟುಕಿ ನಿಲ್ಲುತ್ತದೆ, ಉದ್ದ ಮಿಟುಕು ಎಷ್ಟು, ಗಿಡ್ಡ ಮಿಟುಕು ಎಷ್ಟು ಎನ್ನುವುದನ್ನು ನಿಧಾನವಾಗಿ ನೋಡಿ ಎಣಿಸಬಹುದು. ಆಮೇಲೆ ಬಾಗಿಲು ತೆಗೆದರೆ ಅದರ ಒಳಮೈಯಲ್ಲಿ ಯಾವ ಮಿಟುಕಿಗೆ ಯಾವ ದೋಷ ಎನ್ನುವ ಪಟ್ಟಿ ಅಂಟಿಸಿರುತ್ತದೆ. ಕಂಪನಿಯಿಂದ ಕಂಪನಿಗೆ ಪಟ್ಟಿ ಬೇರೆ, ಹಾಗಾಗಿ ಸ್ನೇಹಿತರ ಮನೆಯಲ್ಲಿ ಮೂರು ಮಿಟುಕಿಗೆ ಏನಾಗಿತ್ತು ಎನ್ನುವುದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಕೆಲಸ: ರಜೆಯ ದಿನ ಮಧ್ಯಾಹ್ನ ಫರ್ನೇಸ್ ಎದುರು ಒಂದು ಸ್ಟೂಲ್ ಹಾಕಿಕೊಂಡು ಕೂತು, ಅದು ಮೊದಲಿನಿಂದ ಕೊನೆಯವರೆಗೆ ಹೇಗೆ ಹೊತ್ತುತ್ತದೆ ಅಂತ ಕಿವಿಗೊಟ್ಟು ಕೇಳಿ. ಮೇಲಿನಿಂದ ಯಾರಾದರೂ ಥರ್ಮೋಸ್ಟಾಟ್ ಐದು ಡಿಗ್ರಿ ಏರಿಸಲಿ. ಮೊದಲು ‘ಗುಂಯ್’ ಎನ್ನುವ ಸಣ್ಣ ಮೋಟಾರಿನ ಸದ್ದು ಬರುತ್ತದೆ. ಇಂಡ್ಯೂಸರ್ ಅಂತ ಹೆಸರು, ಹೊಗೆಯನ್ನು ಪೈಪಿಗೆ ಎಳೆದು ಆಚೆ ತಳ್ಳುವ ಫ್ಯಾನು. ಬಚ್ಚಲ ಒಲೆಗೆ ಉರಿ ಹಾಕುವ ಮೊದಲು ಹೊಗೆಗೂಡು ಕಟ್ಟಿಲ್ಲ ತಾನೇ ಎಂದು ಅಜ್ಜಿ ನೋಡುತ್ತಿದ್ದರಲ್ಲ, ಇಲ್ಲಿ ಆ ಕೆಲಸವನ್ನು ಪ್ರೆಶರ್ ಸ್ವಿಚ್ ಎಂಬ ಬಿಲ್ಲೆ ಮಾಡುತ್ತದೆ. ಇಂಡ್ಯೂಸರ್‌ನಿಂದ ಒಂದು ರಬ್ಬರ್ ಕೊಳವೆ ಅದಕ್ಕೆ ಹೋಗಿರುತ್ತದೆ. ಎಳೆತ ಸಾಕಷ್ಟಿದ್ದರೆ ಬಿಲ್ಲೆಯೊಳಗಿನ ಪೊರೆ ಬಾಗಿ ‘ಟಕ್’ ಅನ್ನುತ್ತದೆ. ಅರ್ಧ ನಿಮಿಷ ಆದಮೇಲೆ ಬೆಂಕಿ ಹೊತ್ತಿಸುವ ಇಗ್ನೈಟರ್ ಕೆಂಪಗೆ ಕಾಯುತ್ತದೆ. ಆಮೇಲೆ ಗ್ಯಾಸ್ ವಾಲ್ವ್ ಟಕ್ ಅಂದು ‘ಬುಸ್’ ಎಂದು ನೀಲಿ ಬೆಂಕಿ ಒಂದು ಬರ್ನರಿನಿಂದ ಪಕ್ಕದ್ದಕ್ಕೆ ಹಬ್ಬುತ್ತದೆ. ಮುಂದಿನ ಕೆಲವೇ ಸೆಕೆಂಡಿನಲ್ಲಿ ಫ್ಲೇಮ್ ಸೆನ್ಸರ್ ‘ಬೆಂಕಿ ಕಂಡೆ’ ಅಂತ ಬೋರ್ಡಿಗೆ ಹೇಳಬೇಕು, ಇಲ್ಲದಿದ್ದರೆ ಗ್ಯಾಸ್ ಬಂದ್. ಎಲ್ಲ ಸರಿಯಾದರೆ ಅರ್ಧ ಒಂದು ನಿಮಿಷಕ್ಕೆ ದೊಡ್ಡ ಬ್ಲೋವರ್ ಶುರುವಾಗಿ ಕೋಣೆಗಳಿಗೆ ಬಿಸಿಗಾಳಿ ಬರುತ್ತದೆ. ಹಳೆಯ ಕಾಲದ ಫರ್ನೇಸುಗಳಲ್ಲಿ ಪೈಲಟ್ ಎಂಬ ಸಣ್ಣ ಜ್ವಾಲೆ ನಂದಾದೀಪದ ಹಾಗೆ ಸದಾ ಉರಿಯುತ್ತಿತ್ತು, ಇಷ್ಟೆಲ್ಲ ವಿಧಿವಿಧಾನ ಇರಲಿಲ್ಲ. ಈಗಿನವು ಪ್ರತಿ ಸಲವೂ ಸೊನ್ನೆಯಿಂದ ಪೂಜೆ ಶುರುಮಾಡುತ್ತವೆ.

ಸರಿಯಾದ ಸರಣಿ ಒಮ್ಮೆ ಕಿವಿಗೆ ಹತ್ತಿದರೆ, ರಾತ್ರಿ ಕೆಟ್ಟಾಗ ಎಲ್ಲಿ ಮುಗ್ಗರಿಸಿತು ಎಂದು ಹಾಸಿಗೆಯಲ್ಲೇ ಗೊತ್ತಾಗುತ್ತದೆ. ತಾನೇ ನಿಂತು ತಾನೇ ಹೊತ್ತುವ ಫರ್ನೇಸಿನಲ್ಲಿ ನಾನು ಹುಡುಕುವುದು ಮೊದಲಿಗೆ ಈ ಎರಡು ಜಾಗ. ಗುಂಯ್, ಟಕ್, ಬುಸ್ ಎಲ್ಲ ಆಗಿ, ಬೆಂಕಿ ನಾಲ್ಕೈದು ಸೆಕೆಂಡು ಉರಿದು ಆರಿಹೋಗಿ, ಮತ್ತೆ ಅದೇ, ಮತ್ತೆ ಅದೇ ಆದರೆ ಫ್ಲೇಮ್ ಸೆನ್ಸರ್ ಮೇಲೆ ಅನುಮಾನ. ಗುಂಯ್ ಅಂತ ಇಂಡ್ಯೂಸರ್ ಮಾತ್ರ ತಿರುಗುತ್ತ ಮುಂದಕ್ಕೆ ಹೋಗದಿದ್ದರೆ, ಅಥವಾ ಚೆನ್ನಾಗಿ ಉರಿಯುತ್ತಿದ್ದದ್ದು ನಡುವೆ ಆರಿ ಇಂಡ್ಯೂಸರ್ ಒಂದೇ ಉಳಿದರೆ ಪ್ರೆಶರ್ ಸ್ವಿಚ್ಚಿನ ದಾರಿಯಲ್ಲಿ ತೊಂದರೆ.

ನಿಮ್ಮ ಟೆಕ್ನಿಷಿಯನ್ ಉಜ್ಜಿದ ಕಡ್ಡಿ ಫ್ಲೇಮ್ ಸೆನ್ಸರ್. ಆತನನ್ನು ಬೈಯಬೇಡಿ, ಈ ದೇಶದ ಫರ್ನೇಸುಗಳಲ್ಲಿ ಬಹಳ ಸಲ ತಪ್ಪು ಅದರದ್ದೇ ಇರುತ್ತದೆ. ಪೆನ್ಸಿಲ್ ಕಡ್ಡಿಯಂಥ ಲೋಹದ ತಂತಿ, ಬುಡಕ್ಕೆ ಬಿಳಿ ಪಿಂಗಾಣಿ, ಹಿಡಿದಿಡಲು ಒಂದೇ ಒಂದು ಸ್ಕ್ರೂ. ಬೆಂಕಿಯೊಳಗೆ ವಿದ್ಯುತ್ತು ಹರಿಯುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಹರಿಯುತ್ತದೆ. ಬೋರ್ಡು ಕಡ್ಡಿಗೆ ಎಸಿ ಕೊಡುತ್ತದೆ. ಕಡ್ಡಿ ಸಣ್ಣದು, ಎದುರಿನ ಬರ್ನರ್ ದೊಡ್ಡದು. ಈ ಅಸಮತೆಯಿಂದ ಕರೆಂಟು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹರಿದು, ಕೊನೆಗೆ ಕೆಲವೇ ಮೈಕ್ರೋಆಂಪಿನಷ್ಟು ಡಿಸಿ ಉಳಿಯುತ್ತದೆ. ಮೈಕ್ರೋಆಂಪ್ ಎಂದರೆ ಒಂದು ಆಂಪಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಬಡ ಕರೆಂಟಿಗೆ ಕಡ್ಡಿಯ ಮೇಲೆ ಕೂತ ಕಣ್ಣಿಗೆ ಕಾಣದಷ್ಟು ತೆಳು ಪದರವೂ ಗೋಡೆಯೇ. ಕರೆಂಟು ಆರಿಸಿ, ಕಡ್ಡಿ ಬಿಚ್ಚಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನ ಹೊಸ, ಒಣ ತುಂಡಿನಿಂದ ಹಗುರವಾಗಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಉಪ್ಪುಕಾಗದ ಹಾಕಿ ಗೀರುವುದು ಬೇಡ, ಗೀರಿದ ಕಡ್ಡಿಗೆ ಪದರ ಇನ್ನೂ ಬೇಗ ಹಿಡಿಯುತ್ತದೆ. ಪಿಂಗಾಣಿಯಲ್ಲಿ ಕೂದಲೆಳೆ ಬಿರುಕು ಇದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸದೇ ಹಾಕಬೇಕು, ಅದೇನೂ ದುಬಾರಿ ಸಾಮಾನಲ್ಲ. ಫರ್ನೇಸಿನ ಅರ್ಥಿಂಗ್ ಸಡಿಲವಾಗಿದ್ದರೂ ಸೆನ್ಸರ್ ಇದೇ ಸುಳ್ಳು ಹೇಳುತ್ತದೆ, ಯಾಕೆಂದರೆ ಆ ಕರೆಂಟು ಹಿಂತಿರುಗುವ ದಾರಿಯೇ ಫರ್ನೇಸಿನ ತಗಡು.

ಆದರೆ ಉಜ್ಜಿದ ಮೇಲೂ ನಾಲ್ಕು ದಿನಕ್ಕೆ ಕೆಟ್ಟಿತು ಅಂದಿರಿ. ಶುದ್ಧವಾಗಿ ಉಜ್ಜಿದ ಕಡ್ಡಿ ಚಳಿಗಾಲವನ್ನೇ ಕಳೆಯುತ್ತದೆ, ನಾಲ್ಕು ದಿನಕ್ಕೆ ಕೊಳೆಯಾಗುವುದಿಲ್ಲ. ಜೊತೆಗೆ ಗುಳುಗುಳು. ಜೊತೆಗೆ ಎರಡು ಬಿಳಿ ಪೈಪು. ಹಾಗಾಗಿ ನನ್ನ ಪಂದ್ಯ ನೀರಿನ ಮೇಲೆ.

ಪಿವಿಸಿ ಪೈಪು ಇದೆ ಎಂದರೆ ನಿಮ್ಮದು 90ಕ್ಕಿಂತ ಹೆಚ್ಚು ಶೇಕಡಾ ದಕ್ಷತೆಯ ಫರ್ನೇಸ್. ಹಳೆಯ 80 ಶೇಕಡಾದವುಗಳ ಹೊಗೆ ಎಷ್ಟು ಬಿಸಿ ಎಂದರೆ ಪ್ಲಾಸ್ಟಿಕ್ ಕರಗೀತು, ಅದಕ್ಕೇ ಅವಕ್ಕೆ ತಗಡಿನ ಚಿಮಣಿ. ನಿಮ್ಮದು ಹೊಗೆಯ ಬಿಸಿಯನ್ನೂ ಹಿಂಡಿ ಹಿಂಡಿ ಮನೆಗೆ ಕೊಟ್ಟು, ಉಗುರುಬೆಚ್ಚಗಿನ ಗಾಳಿಯನ್ನು ಮಾತ್ರ ಆಚೆ ಬಿಡುತ್ತದೆ. ಗ್ಯಾಸ್ ಉರಿದರೆ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರು! ಹೊಗೆ ತಣ್ಣಗಾದಂತೆ, ಅನ್ನದ ಪಾತ್ರೆಯ ಮುಚ್ಚಳಕ್ಕೆ ಬೆವರು ಹಿಡಿಯುವ ಹಾಗೆ, ಆ ಆವಿ ಒಳಗೇ ನೀರಾಗುತ್ತದೆ. 80,000 ಬಿಟಿಯು (ಶಾಖದ ಅಳತೆ) ಫರ್ನೇಸ್ ಬಿಡದೆ ಉರಿದರೆ ಗಂಟೆಗೆ ಒಂದೂವರೆಯಿಂದ ಎರಡು ಲೀಟರ್ ನೀರು ಇಳಿಯಬಹುದು. ಕೊರೆಯುವ ರಾತ್ರಿ ಅದು ಬಿಡದೆ ಉರಿಯುತ್ತದೆ, ಅಂದರೆ ಬೆಳಗಾಗುವುದರೊಳಗೆ ಒಂದು ಬಕೆಟ್ಟು. ಟೆಕ್ನಿಷಿಯನ್ ಹಗಲು ಹೊತ್ತು ಬಂದಾಗ, ಬಿಸಿಲು ಬಿದ್ದು ಫರ್ನೇಸ್ ಆಗಾಗ ಮಾತ್ರ ಉರಿಯುತ್ತಿರುವಾಗ, ಏನೂ ಕಾಣಲಿಲ್ಲ ಎಂದರೆ ಆಶ್ಚರ್ಯವಿಲ್ಲ.

ಈ ನೀರು ಹೊರಹೋಗಲು ಫರ್ನೇಸಿನೊಳಗೆ ಅಂಗೈಯಗಲದ ಪ್ಲಾಸ್ಟಿಕ್ ಟ್ರ್ಯಾಪ್ ಇದೆ. ಅಡುಗೆಮನೆ ಸಿಂಕಿನ ಕೆಳಗೆ ಬಾಗಿದ ಪೈಪು ಇರುತ್ತದಲ್ಲ, ಅದರದೇ ಚಿಕ್ಕ ತಂಗಿ. ನೀರು ಹೋಗಬೇಕು, ಹೊಗೆ ಬರಬಾರದು. ಈ ನೀರು ಹುಳಿ, ಲೋಹವನ್ನೂ ಸಿಮೆಂಟನ್ನೂ ನಿಧಾನಕ್ಕೆ ತಿನ್ನುವಷ್ಟು ಆಮ್ಲ. ಹನ್ನೆರಡು ವರ್ಷದಲ್ಲಿ ಟ್ರ್ಯಾಪಿನ ತಳದಲ್ಲಿ ಕಂದು ಲೋಳೆ, ತುಕ್ಕಿನ ಪುಡಿ, ಪ್ಲಾಸ್ಟಿಕ್ ಚೂರು ಎಲ್ಲ ಸೇರಿ ರಾಗಿ ಅಂಬಲಿಯ ಹಾಗೆ ಕೂತಿರುತ್ತವೆ. ಪೂರಾ ಕಟ್ಟಿದ್ದರೆ ಫರ್ನೇಸ್ ಹೊತ್ತುವುದೇ ಇಲ್ಲ, ಆಗ ಪತ್ತೆಯೂ ಸುಲಭ. ನಿಮ್ಮದು ಅರ್ಧ ಕಟ್ಟಿದೆ ಅಂತ ನನ್ನ ಊಹೆ. ಬರುವ ನೀರು ಹೆಚ್ಚು, ಹೋಗುವುದು ಕಡಿಮೆ. ಗಂಟೆಗಟ್ಟಲೆ ಉರಿದ ಮೇಲೆ ನೀರು ಮೇಲೇರಿ ಇಂಡ್ಯೂಸರ್ ತನಕ ಬರುತ್ತದೆ, ಫ್ಯಾನಿಗೆ ಸಿಕ್ಕಿ ಗುಳುಗುಳು ಅನ್ನುತ್ತದೆ. ಎಳೆತ ಕುಗ್ಗುತ್ತದೆ, ಪ್ರೆಶರ್ ಸ್ವಿಚ್ ಬಿಡುತ್ತದೆ, ಬೆಂಕಿ ಆರುತ್ತದೆ. ನಾಲ್ಕು ಸಲ ಯತ್ನ, ಲಾಕೌಟ್. ಮುಂದಿನ ಒಂದೋ ಮೂರೋ ಗಂಟೆ ಹೊಸ ನೀರು ಹುಟ್ಟುವುದಿಲ್ಲ, ನಿಂತ ನೀರು ತೊಟ್ಟು ತೊಟ್ಟಾಗಿ ಸೋರಿ ಖಾಲಿಯಾಗುತ್ತದೆ. ಲಾಕೌಟ್ ಮುಗಿದಾಗ ದಾರಿ ತೆರೆದಿರುತ್ತದೆ, ಫರ್ನೇಸ್ ಏನೂ ಆಗದಂತೆ ಹೊತ್ತುತ್ತದೆ. ನೀವು ನಿದ್ದೆಗಣ್ಣಲ್ಲಿ ಇಳಿದು ಬಂದು ಸ್ವಿಚ್ ಹಾಕುವ ಹೊತ್ತಿಗೂ ಸ್ವಲ್ಪ ಸೋರಿರುತ್ತದೆ, ಅಷ್ಟಕ್ಕೇ ಮತ್ತೊಂದಿಷ್ಟು ಹೊತ್ತು ನಡೆಯುತ್ತದೆ.

ಇದನ್ನು ಪರೀಕ್ಷಿಸಲು ಯಾವ ಮೀಟರೂ ಬೇಡ. ಫರ್ನೇಸಿನಿಂದ ಒಂದು ಪ್ಲಾಸ್ಟಿಕ್ ಟ್ಯೂಬು ಹೊರಟು ನೆಲದ ಡ್ರೈನಿಗೋ ಪಕ್ಕದ ಸಣ್ಣ ಪಂಪಿನ ಡಬ್ಬಿಗೋ ಹೋಗಿರುತ್ತದೆ. ಚಳಿ ಹೆಚ್ಚಿರುವ ದಿನ ಫರ್ನೇಸ್ ಅರ್ಧ ಗಂಟೆ ಉರಿದ ಮೇಲೆ ಆ ಟ್ಯೂಬಿನ ತುದಿಯನ್ನು ನೋಡಿ. ತೊಟ್ಟಿಕ್ಕುತ್ತಲೇ ಇರಬೇಕು. ತುದಿ ಒಣಗಿದ್ದರೆ ನೀರು ಒಳಗೆಲ್ಲೋ ಕೂತಿದೆ. ಪಂಪು ಇದ್ದರೆ ಅದರ ಡಬ್ಬಿಗೆ ಒಂದು ಚೊಂಬು ನೀರು ಹೊಯ್ದು, ಅದು ತಾನೇ ಎತ್ತಿ ಹಾಕುತ್ತದೆಯೇ ನೋಡಿ. ಕೆಲವು ಮನೆಗಳಲ್ಲಿ ಪಂಪು ತುಂಬಿದರೆ ಥರ್ಮೋಸ್ಟಾಟ್ ವೈರನ್ನೇ ಕಡಿದುಹಾಕುವ ಸೇಫ್ಟಿ ಸ್ವಿಚ್ ಜೋಡಿಸಿರುತ್ತಾರೆ. ಆಗ ಬೋರ್ಡಿಗೆ ಕರೆಯೇ ಬರುವುದಿಲ್ಲ, ಯಾವ ದೋಷದ ಮಿಟುಕೂ ಇರುವುದಿಲ್ಲ, ಹುಡುಕುವವನಿಗೆ ಹುಚ್ಚು ಹಿಡಿಯುತ್ತದೆ. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇದ್ದು ಅದರ ನೀರೂ ಇದೇ ಟ್ಯೂಬಿಗೆ ಸೇರಿದ್ದರೆ ಅದನ್ನು ಒಂದೆರಡು ದಿನ ನಿಲ್ಲಿಸಿ ನೋಡಿ.

ಟ್ರ್ಯಾಪ್ ತೊಳೆಯುವುದನ್ನು ಕೈಕೆಲಸ ಬಲ್ಲವರು ತಾವೇ ಮಾಡಬಹುದು. ಸ್ವಿಚ್ ಆರಿಸಿ, ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಕೊಳವೆ ನಾಲ್ಕೈದು ಇರುತ್ತವೆ, ಅದಲುಬದಲಾದರೆ ಹೊಸ ತಲೆನೋವು. ಕೆಳಗೆ ಬಕೆಟ್ಟು, ಹಳೆಯ ಟವೆಲ್ ಇಡಿ. ಬಿಚ್ಚಿದೊಡನೆ ಹುಳಿನೀರು ಸುರಿಯುತ್ತದೆ, ಅದು ಬೋರ್ಡಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಬಿಸಿನೀರಿನಲ್ಲಿ ಕುಲುಕಿ ಕುಲುಕಿ ತೊಳೆದು, ಕೊಳವೆಗಳನ್ನು ಬಾಯಲ್ಲಿ ಊದದೆ ನೀರು ಹಾಯಿಸಿ ಚೊಕ್ಕ ಮಾಡಿ. ಟ್ರ್ಯಾಪ್ ಕೂರಿಸುವಾಗ ಒಂದು ಲೋಟ ನೀರು ತುಂಬಿಯೇ ಕೂರಿಸಬೇಕು, ಖಾಲಿ ಟ್ರ್ಯಾಪಿನಲ್ಲಿ ಹೊಗೆ ಹಾದು ಮನೆಗೆ ಬರುತ್ತದೆ. ಪ್ರೆಶರ್ ಸ್ವಿಚ್ಚಿನ ರಬ್ಬರ್ ಕೊಳವೆಯನ್ನೂ ಕಳಚಿ ಬೆಳಕಿಗೆ ಹಿಡಿದು ನೋಡಿ. ಒಳಗೆ ಒಂದೇ ಒಂದು ಹನಿ ನೀರು ಅಡ್ಡ ಕೂತರೂ ಬಿಲ್ಲೆಗೆ ಎಳೆತ ತಲುಪುವುದಿಲ್ಲ, ಬುಡದಲ್ಲಿ ಸೀಳಿದ್ದರೂ ಅಷ್ಟೇ. ಅದು ಸಿಕ್ಕಿಸಿದ ಮೂತಿಯ ರಂಧ್ರ ಕಟ್ಟಿರುವುದೂ ಉಂಟು, ತೆಳು ತಂತಿಯಲ್ಲಿ ಬಿಡಿಸಬಹುದು. ಸ್ವಿಚ್ಚಿನ ಎರಡು ವೈರನ್ನು ಒಟ್ಟಿಗೆ ಸೇರಿಸಿ ಫರ್ನೇಸ್ ಓಡಿಸುವ ‘ಜುಗಾಡ್’ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಹೊಗೆ ಹೋಗದಿದ್ದರೂ ಬೆಂಕಿ ಹಚ್ಚು ಅಂತ ಹೇಳಿದಂತೆ ಅದು.

ಟ್ರ್ಯಾಪ್ ಸ್ವಚ್ಛವಿದ್ದರೆ ಮುಂದಿನ ಅನುಮಾನ ಪೈಪುಗಳ ಮೇಲೆ. ಹೊಗೆಯ ಪೈಪು ಫರ್ನೇಸಿನ ಕಡೆಗೆ ಇಳಿಜಾರಾಗಿರಬೇಕು, ಪ್ರತಿ ಅಡಿಗೆ ಕಾಲಿಂಚು. ಪೈಪಿನಲ್ಲಿ ಹನಿಗಟ್ಟಿದ ನೀರೂ ಹಿಂದಕ್ಕೇ ಹರಿದು ಟ್ರ್ಯಾಪ್ ಸೇರಲಿ ಎಂಬ ಲೆಕ್ಕ. ಬೇಸ್‌ಮೆಂಟಿನ ಸೂರಿಗೆ ಕಟ್ಟಿದ ಪಟ್ಟಿ ಬಿಟ್ಟು ಪೈಪು ನಡುವೆ ಜೋತುಬಿದ್ದರೆ ಅಲ್ಲೊಂದು ಕೆರೆ. ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ. ಒಂದು ಮನೆಯಲ್ಲಿ ಪ್ರೆಶರ್ ಸ್ವಿಚ್ಚಿನ ಮಿಟುಕು ಕಂಡು ಸ್ವಿಚ್ಚನ್ನೇ ಬದಲಾಯಿಸಿ ಬಿಲ್ಲು ಹರಿದು ಬಂದೆ. ಮರುದಿನ ರಾತ್ರಿಯೇ ಫೋನು. ಕೊನೆಗೆ ನೋಡಿದರೆ, ಹಿಂದಿನ ಮಾಲೀಕರು ಬೇಸ್‌ಮೆಂಟಿಗೆ ಸೀಲಿಂಗ್ ಹಾಕಿಸಿದಾಗ ಮುಚ್ಚಿಹೋದ ಜಾಗದಲ್ಲಿ ಪೈಪು ಬಳುಕಿ ಎರಡು ಮೂರು ಲೀಟರ್ ನೀರು ನಿಂತಿತ್ತು. ಸ್ವಿಚ್ ಪಾಪ ನಿಜವನ್ನೇ ಹೇಳುತ್ತಿತ್ತು. ಆ ದುಡ್ಡು ವಾಪಸ್ಸು ಕೊಟ್ಟೆ. ‘ಪ್ರೆಶರ್ ಸ್ವಿಚ್’ ಅಂತ ಪಟ್ಟಿಯಲ್ಲಿ ಕಂಡರೆ ಸ್ವಿಚ್ ಕೆಟ್ಟಿದೆ ಎಂದು ಓದಬಾರದು, ಅದು ಎಳೆತ ಇಲ್ಲ ಎನ್ನುತ್ತಿದೆ ಎಂದು ಓದಬೇಕು ಎನ್ನುವುದನ್ನು ಆ ಮನೆಯಲ್ಲಿ ಕಲಿತೆ.

ಮನೆಯ ಹೊರಗೂ ಒಂದು ಸುತ್ತು ಹಾಕಿ, ಆದರೆ ಬೆಳಗಿನ ಜಾವ, ಕೆಟ್ಟ ಹೊತ್ತಿನಲ್ಲೇ. ಎರಡು ಪೈಪಿನಲ್ಲಿ ಒಂದು ಗಾಳಿ ಎಳೆಯುತ್ತದೆ, ಒಂದು ಹೊಗೆ ಬಿಡುತ್ತದೆ. ಹಿಮ ಬಿದ್ದ ಮೇಲೆ ಗಾಳಿಗೆ ಅದು ರಾಶಿಯಾಗಿ ಪೈಪಿನ ಬಾಯಿ ಮುಚ್ಚುವುದು ಮಿಶಿಗನ್ನಿನಲ್ಲಿ ಹೊಸದಲ್ಲ. ಹಿಮ ಎಷ್ಟು ಎತ್ತರ ನಿಲ್ಲಬಹುದೋ ಅದಕ್ಕಿಂತ ಕನಿಷ್ಠ 12 ಇಂಚು ಮೇಲಿರಬೇಕು ಬಾಯಿ. ಗಾಳಿ ಎಳೆಯುವ ಪೈಪಿಗೆ ಇಲಿ ಹಕ್ಕಿ ಬರದಿರಲೆಂದು ಯಾರಾದರೂ ಸಣ್ಣ ಕಣ್ಣಿನ ಜಾಲರಿ ಹಾಕಿದ್ದರೆ ಸಮಸ್ಯೆ ಅಲ್ಲೇ ಇರಬಹುದು: ಪಕ್ಕದ ಪೈಪಿನ ಆವಿ ಅದರ ಮೇಲೆ ಬಡಿದು, ಜಾಲರಿ ತುಂಬ ಹಿಮದ ಹರಳು ಕಟ್ಟಿ, ಬಿಸಿಲೇರಿದ ಮೇಲೆ ಕರಗಿ ಸಾಕ್ಷಿಯೇ ಇಲ್ಲದಂತಾಗುತ್ತದೆ. 2019ರ ಜನವರಿ ಕೊನೆಯಲ್ಲಿ ಧ್ರುವದ ಚಳಿ ಇಳಿದುಬಂದ ಪೋಲಾರ್ ವೋರ್ಟೆಕ್ಸ್ ವಾರದಲ್ಲಿ ನನಗೆ ಬಂದ ಕರೆಗಳಲ್ಲಿ ಇದೇ ಹೆಚ್ಚು. ಆ ಜನವರಿ 30ರಂದು ಮ್ಯಾಕೋಂಬ್ ಕೌಂಟಿಯ ಗ್ಯಾಸ್ ಕಂಪ್ರೆಸರ್ ಸ್ಟೇಷನ್ನಿಗೆ ಬೆಂಕಿ ಬಿದ್ದು, ಥರ್ಮೋಸ್ಟಾಟ್ 65ಕ್ಕೆ ಇಳಿಸಿ ಅಂತ ರಾತ್ರಿ ಎಲ್ಲರ ಫೋನಿಗೂ ಅಲರ್ಟ್ ಬಂದಿತ್ತು, ಇಲ್ಲಿ ಹಳಬರಾದ ಕನ್ನಡಿಗರಿಗೆ ನೆನಪಿರುತ್ತದೆ. ಆಗ ನಿಂತ ಫರ್ನೇಸಿಗೆಲ್ಲ ‘ಗ್ಯಾಸ್ ಪ್ರೆಶರ್ ಇಲ್ಲ’ ಎಂದೇ ಜನ ತೀರ್ಮಾನಿಸಿದ್ದರು. ನಾನು ಹೋದ ಮನೆಗಳಲ್ಲಿ ಗ್ಯಾಸ್ ಇತ್ತು, ಪೈಪಿನ ಬಾಯಲ್ಲಿ ಮಂಜುಗಡ್ಡೆ ಇತ್ತು. ಬಿಸಿನೀರು ಹೊಯ್ಯಬೇಡಿ, ಅದು ಅಲ್ಲೇ ಮತ್ತೆ ಗಟ್ಟಿಯಾಗುತ್ತದೆ. ಕೈಗವಸು ಹಾಕಿ ಒಡೆದು ತೆಗೆಯಿರಿ.

ಇನ್ನೊಂದು ಬಗೆಯ ಲಾಕೌಟ್ ಇದೆ, ನಿಮ್ಮದಲ್ಲ ಅಂದುಕೊಂಡಿದ್ದೇನೆ, ಆದರೆ ನಮ್ಮವರ ಮನೆಗಳಲ್ಲಿ ಬಹಳ. ಫರ್ನೇಸ್ ಅತಿಯಾಗಿ ಕಾದು ಲಿಮಿಟ್ ಸ್ವಿಚ್ ಬೆಂಕಿ ಆರಿಸುತ್ತದೆ, ಬ್ಲೋವರ್ ಮಾತ್ರ ತಿರುಗುತ್ತ ತಣ್ಣನೆ ಗಾಳಿ ಬರುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಲಾಕೌಟ್. ಕಾರಣ ಬ್ಲೋವರಿಗೆ ಗಾಳಿ ಸಾಲದು. ಫಿಲ್ಟರ್ ತೆಗೆದು ನೋಡಿದರೆ ದಿನವೂ ಒಗ್ಗರಣೆ, ಹಪ್ಪಳ, ಪೂರಿಯ ಎಣ್ಣೆಹೊಗೆ ಹೀರಿ ಜಿಡ್ಡಾಗಿ, ಅದರ ಮೇಲೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಬೇರೆಯವರಿಗೆ ಮೂರು ತಿಂಗಳು ಬರುವ ಫಿಲ್ಟರ್ ನಮ್ಮ ಮನೆಗಳಲ್ಲಿ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಬೇಕು. ಒಳ್ಳೆಯದೆಂದು ಒಂದಿಂಚು ದಪ್ಪದ, ತೀರ ಸಣ್ಣ ಧೂಳನ್ನೂ ತಡೆಯುವ ಮರ್ವ್ 13 ದರ್ಜೆಯ ಫಿಲ್ಟರ್ ಹಾಕುತ್ತಾರೆ, ಹಲವು ಫರ್ನೇಸುಗಳಿಗೆ ಅದರಲ್ಲಿ ಉಸಿರಾಡಲು ಆಗುವುದಿಲ್ಲ. ಇದರ ಮೇಲೆ ‘ಖಾಲಿ ಕೋಣೆಗೆ ಯಾಕೆ ದಂಡ’ ಅಂತ ನಾಲ್ಕು ಕೋಣೆಯ ಬಿಸಿಗಾಳಿಯ ವೆಂಟ್ ಮುಚ್ಚಿಡುವುದು ಬೇರೆ. ಲೈಟ್ ಆರಿಸಿದಷ್ಟು ಸುಲಭದ ಉಳಿತಾಯ ಅಲ್ಲ ಅದು. ನಿಮ್ಮ ಅಪ್ಪ ಮುಚ್ಚಿದ್ದರೆ ಹೋಗಿ ತೆರೆಯಿರಿ.

ಬೋರ್ಡಿನ ಮೇಲೆ ಸುಟ್ಟುಹೋದ, ಕಾರಿನಲ್ಲಿರುವಂಥ 3 ಅಥವಾ 5 ಆಂಪಿನ ಫ್ಯೂಸ್, ಬ್ಯಾಟರಿ ಮುಗಿದ ಥರ್ಮೋಸ್ಟಾಟ್, ತನಗೇ ಕರೆಂಟು ಕೊಡುವ ಸಿ ವೈರ್ ಇಲ್ಲದೆ ಫರ್ನೇಸಿನ ವೈರಿನಿಂದಲೇ ಕರೆಂಟು ಕದ್ದು ಬದುಕುವ ಸ್ಮಾರ್ಟ್ ಥರ್ಮೋಸ್ಟಾಟ್, ಬಿರುಕುಬಿಟ್ಟ ಇಗ್ನೈಟರ್ ಇವೂ ಫರ್ನೇಸ್ ನಿಲ್ಲಿಸುತ್ತವೆ. ಅವುಗಳಿಗೆ ಗುಳುಗುಳು ಇರುವುದಿಲ್ಲ, ಆದ್ದರಿಂದ ಬಿಡೋಣ.

ನೀವು ಕೈಹಾಕಬಾರದ ಜಾಗ ಯಾವುದು ಅಂದರೆ ಗ್ಯಾಸ್ ವಾಲ್ವ್, ಮತ್ತು ಬರ್ನರ್ ಪಕ್ಕದಲ್ಲಿ ನಡುವೆ ಗುಂಡಿಯಿರುವ ರೋಲ್‌ಔಟ್ ಸ್ವಿಚ್. ಬೆಂಕಿ ಒಳಗೆ ಹೋಗುವ ಬದಲು ಹೊರಕ್ಕೆ ನಾಲಿಗೆ ಚಾಚಿದಾಗ ಅದು ಹಾರುತ್ತದೆ, ತಾನಾಗಿ ಸರಿಹೋಗುವುದಿಲ್ಲ. ಗುಂಡಿ ಒತ್ತಿ ಓಡಿಸಿದರೆ ಓಡುತ್ತದೆ, ಆದರೆ ಯಾಕೆ ಹಾರಿತು ಎಂದು ಗೊತ್ತಾಗದೆ ಒತ್ತಬಾರದು. ಬ್ಲೋವರ್ ಶುರುವಾದ ಕ್ಷಣ ಜ್ವಾಲೆ ಅಲುಗಾಡಿ ಹಳದಿಯಾದರೆ ಬೆಂಕಿಯ ಬಿಸಿಯನ್ನು ಮನೆಯ ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಸೀಳಿರಬಹುದು, ಫರ್ನೇಸ್ ಆರಿಸಿ ಕಾಯಿರಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ಎಲ್ಲರೂ ಹೊರಗೆ ಬಂದು ಅಲ್ಲಿಂದ 911ಕ್ಕೆ ಕರೆ ಮಾಡಿ. ಅಪ್ಪ ಅಮ್ಮನಿಗೆ ಕೋಟು ಬಾಗಿಲ ಹತ್ತಿರವೇ ತೂಗುಹಾಕಿರಲಿ.

ಹೊಸ ಫರ್ನೇಸಿನ ಬಗ್ಗೆ ಕೇಳಿದ್ದೀರಿ. ಕಾರಣ ಹುಡುಕದೆ ಬರಿ ವಯಸ್ಸು ನೋಡಿ ಹೇಳಿದ ಮಾತಿಗೆ ಸಾವಿರಾರು ಡಾಲರ್ ಕೊಡಬೇಡಿ. ಹೀಟ್ ಎಕ್ಸ್‌ಚೇಂಜರ್ ಸೀಳಿದ್ದರೆ ನಾನೇ ಬದಲಾಯಿಸಿ ಅನ್ನುತ್ತೇನೆ. ಕೆಸರು ಕಟ್ಟಿದ ಟ್ರ್ಯಾಪಿಗೆ ಫರ್ನೇಸ್ ಬದಲಾಯಿಸುವುದು ಸಿಂಕ್ ಕಟ್ಟಿತೆಂದು ಅಡುಗೆಮನೆ ಒಡೆಸಿದ ಹಾಗೆ. ಅದೂ ಅಲ್ಲದೆ ಜೋತುಬಿದ್ದ ಪೈಪೋ ಜಾಲರಿಯೋ ಕಾರಣವಾಗಿದ್ದರೆ ಹೊಸ ಫರ್ನೇಸೂ ಅದೇ ಪೈಪಿಗೆ ಸೇರಿ ಮುಂದಿನ ಜನವರಿಯಲ್ಲಿ ಹೀಗೇ ನಡುರಾತ್ರಿ ನಿಲ್ಲುತ್ತದೆ. ಮುಂದಿನ ಟೆಕ್ನಿಷಿಯನ್‌ಗೆ ‘ಫರ್ನೇಸ್ ಕೆಟ್ಟಿದೆ’ ಎನ್ನಬೇಡಿ. ಬೋರ್ಡಿನ ಮಿಟುಕಿನ ವಿಡಿಯೋ ತೋರಿಸಿ, ಎಷ್ಟು ಗಂಟೆ ಉರಿದ ಮೇಲೆ ನಿಂತಿತು ಹೇಳಿ, ಟ್ರ್ಯಾಪ್ ಬಿಚ್ಚಿ ನೋಡಲು ಕೇಳಿ, ಪ್ರೆಶರ್ ಸ್ವಿಚ್ಚಿನ ಹತ್ತಿರ ಎಳೆತ ಎಷ್ಟಿದೆ ಎಂದು ಮಾನೋಮೀಟರ್ ಇಟ್ಟು ಅಳೆಯಲು ಕೇಳಿ. ಅಳೆಯುವ ಉಪಕರಣ ತಂದಿಲ್ಲ ಎಂದರೆ ಬೇರೆಯವರನ್ನು ಕರೆಯಿರಿ.

ಅಲ್ಲಿಯವರೆಗೆ ರಾತ್ರಿ ಥರ್ಮೋಸ್ಟಾಟನ್ನು ಇಳಿಸಿ ಬೆಳಗ್ಗೆ ಒಮ್ಮೆಲೇ ಏರಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ. ಒಂದೇ ಸಮನೆ ಉರಿಸಿದಷ್ಟೂ ಟ್ರ್ಯಾಪಿಗೆ ಸೋರಲು ಬಿಡುವು ಸಿಗುವುದಿಲ್ಲ. ಮನೆ 55ಕ್ಕಿಂತ ಕೆಳಗಿಳಿಯುವ ಸೂಚನೆ ಕಂಡರೆ ಹೊರಗೋಡೆಗೆ ತಾಗಿದ ನಲ್ಲಿಗಳನ್ನು ಸಣ್ಣಗೆ ಹನಿಸುತ್ತಿರಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಒಳಗಿನ ನೀರು ಹೆಪ್ಪುಗಟ್ಟಿ ಒಡೆದ ಪೈಪು ಫರ್ನೇಸಿಗಿಂತ ದುಬಾರಿಯಾದೀತು. ಇವತ್ತು ರಾತ್ರಿ ನಿಂತರೆ ಮೊದಲು ಕಿಂಡಿಯ ವಿಡಿಯೋ, ಆಮೇಲೆ ಟ್ಯೂಬಿನ ತುದಿ, ಆಮೇಲೆ ಬೇಕಾದರೆ ಸ್ವಿಚ್. ಮಿಟುಕಿನ ಲೆಕ್ಕವನ್ನೂ ಬಾಗಿಲ ಒಳಗಿನ ಪಟ್ಟಿಯ ಫೋಟೋವನ್ನೂ ಕಳಿಸಿ. ಸದ್ದು ಕೇಳುವ ಕೆಲಸವನ್ನು ಮಾತ್ರ ನಿಮ್ಮ ಹೆಂಡತಿಗೇ ಬಿಡಿ.